ಎದುರಿನ ಗಾಡಿ ನಮ್ಮ ಸೈಡಿಗೆ ಬಂದು ಗುದ್ದಿದೆ, ಆದರೂ ಅರ್ಧ ತಪ್ಪು ನಮ್ಮದಂತೆ

ಪ್ರಶ್ನೆ: ನಮಸ್ಕಾರ ಮೇಡಂ. ನಾಲ್ಕು ತಿಂಗಳ ಹಿಂದೆ ತಿಪಟೂರಿನ ಹತ್ತಿರ ಅಪ್ಪನ ಕಾರಿಗೆ ಎದುರಿನಿಂದ ಗೂಡ್ಸ್ ಗಾಡಿ ಗುದ್ದಿತು. ಬಸ್ಸನ್ನು ಓವರ್‌ಟೇಕ್ ಮಾಡಲು ಹೋಗಿ ನಮ್ಮ ಸೈಡಿಗೆ ಬಂದಿತ್ತು. ಅಪ್ಪನ ಬಲಗಾಲು ಮುರಿದು ರಾಡ್ ಹಾಕಿದ್ದಾರೆ. ಪೊಲೀಸರು ಆ ಡ್ರೈವರ್ ಮೇಲೆಯೇ ಚಾರ್ಜ್‌ಶೀಟ್ ಹಾಕಿದ್ದಾರೆ. ಈಗ ಆ ಗಾಡಿಯ ಇನ್ಶೂರೆನ್ಸ್ ಕಡೆಯವರು ಮನೆಗೆ ಬಂದು, ಎದುರುಬದುರು ಡಿಕ್ಕಿ ಅಂದ್ರೆ ಇಬ್ಬರದ್ದೂ ತಪ್ಪು, ನಿಮ್ಮ ತಂದೆಯ ಲೈಸೆನ್ಸ್ ಬೇರೆ ಮುಗಿದಿದೆ, ಕೋರ್ಟಿಗೆ ಹೋದರೂ ಅರ್ಧ ಕಟ್ ಆಗುತ್ತೆ, ಈಗಲೇ ಅರ್ಧಕ್ಕೆ ಒಪ್ಪಿಕೊಳ್ಳಿ ಅಂತಿದ್ದಾರೆ. ಅಪ್ಪ ಸಹಿ ಹಾಕಿ ಮುಗಿಸೋಣ ಅಂತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ.

ಉತ್ತರ: ದಯವಿಟ್ಟು ಸಹಿ ಹಾಕಿಸಬೇಡಿ. ನಿಮ್ಮ ತಂದೆಯದೂ ತಪ್ಪಿದೆ ಅಂತ ಹೇಳುವವರು ಅವರು, ಹಾಗಾಗಿ ಸಾಬೀತು ಮಾಡಬೇಕಾದವರೂ ಅವರೇ. ಮುಖಾಮುಖಿ ಡಿಕ್ಕಿ ಅಂದ ಮಾತ್ರಕ್ಕೆ ಅರ್ಧರ್ಧ ಅನ್ನುವ ಕಾನೂನು ಎಲ್ಲೂ ಇಲ್ಲ. 2013ರಲ್ಲಿ ಜಿಜು ಕುರುವಿಲ ಪ್ರಕರಣದಲ್ಲಿ ಇಂಥದ್ದೇ ಕಾರು-ಬಸ್ಸು ಡಿಕ್ಕಿ ಸುಪ್ರೀಂ ಕೋರ್ಟ್ ಮುಂದೆ ಬಂದಿತ್ತು. ಅಪಘಾತ ಆದ ಮೇಲೆ ಗಾಡಿಗಳು ಎಲ್ಲಿ ನಿಂತಿವೆ ಅಂತ ಮಹಜರಿನಲ್ಲಿ ಬರೆದಿರುವುದನ್ನಷ್ಟೇ ಹಿಡಿದು ಯಾರದು ಎಷ್ಟು ತಪ್ಪು ಅಂತ ತೀರ್ಮಾನಿಸಲು ಆಗಲ್ಲ ಅಂತ ಕೋರ್ಟ್ ಹೇಳಿತು.

ಲೈಸೆನ್ಸ್ ವಿಷಯ. ಲೈಸೆನ್ಸ್ ಇಲ್ಲದೆ ಓಡಿಸಿದ್ದು ಬೇರೆ ತಪ್ಪು, ಅದಕ್ಕೆ ದಂಡ ಇದೆ. ಆದರೆ ಅಪಘಾತ ಅದರಿಂದ ಆಯಿತಾ? 2008ರ ಸುಧೀರ್ ಕುಮಾರ್ ರಾಣಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಲೈಸೆನ್ಸ್ ಇಲ್ಲ ಅನ್ನೋದೊಂದೇ ಕಾರಣಕ್ಕೆ ನಿರ್ಲಕ್ಷ್ಯ ಅನ್ನಲು ಬರಲ್ಲ. ಸೀಟ್ ಬೆಲ್ಟ್ ಬಗ್ಗೆಯೂ ಕೇಳಬಹುದು. ಬೆಲ್ಟ್ ಹಾಕದೆ ಪೆಟ್ಟು ಜಾಸ್ತಿ ಆಯಿತು ಅಂತ ವಾದ ಮಾಡಬಹುದೇ ಹೊರತು, ಅದರಿಂದ ಡಿಕ್ಕಿ ಆಯಿತು ಅನ್ನಲು ಆಗಲ್ಲ.

ಚಾರ್ಜ್‌ಶೀಟ್ ನಿಮ್ಮ ಪರ ಇರುವುದು ದೊಡ್ಡ ಬಲ, ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಎಫ್‌ಐಆರ್, ಸ್ಥಳ ಮಹಜರು, ನಕ್ಷೆ, ಐಎಂವಿ ರಿಪೋರ್ಟ್ (ಮೋಟಾರು ವಾಹನ ಇನ್‌ಸ್ಪೆಕ್ಟರ್ ಗಾಡಿ ನೋಡಿ ಕೊಡುವ ವರದಿ), ವೂಂಡ್ ಸರ್ಟಿಫಿಕೇಟ್ (ಗಾಯಗಳ ಬಗ್ಗೆ ಡಾಕ್ಟರ್ ಕೊಡುವ ಪತ್ರ), ಎಲ್ಲದರ ದೃಢೀಕೃತ ನಕಲು ತೆಗೆದುಕೊಳ್ಳಿ. ಆ ಬಸ್ಸಿನ ಡ್ರೈವರ್ ಅಥವಾ ಕಂಡಕ್ಟರ್ ಯಾರು ಅಂತ ಹುಡುಕಿ, ಅವರು ಕಣ್ಣಾರೆ ನೋಡಿದವರು. ಆ ಗೂಡ್ಸ್ ಗಾಡಿಯ ಡ್ರೈವರನ್ನು ಕಂಪನಿಯವರು ಕಟಕಟೆಗೆ ಕರೆತರದೇ ಇದ್ದರೆ ಅದೂ ನಿಮಗೇ ಅನುಕೂಲ.

ಪ್ರಶ್ನೆ: ಅಮ್ಮನೂ ಹಿಂದಿನ ಸೀಟಿನಲ್ಲಿದ್ದರು, ಕೈ ಮುರಿದಿದೆ. ಅವರದ್ದೂ ಅರ್ಧವೇ ಕೊಡೋದಂತೆ. ಇನ್ಶೂರೆನ್ಸ್ ಕಂಪನಿಗಳ ಮೇಲಿನ ದೂರು ಕೇಳುವ ಆಂಬುಡ್ಸ್‌ಮನ್‌ಗೆ ದೂರು ಕೊಡಲಾ?

ಉತ್ತರ: ಇದಂತೂ ಶುದ್ಧ ಅನ್ಯಾಯ. ಅಮ್ಮ ಸ್ಟೀರಿಂಗ್ ಹಿಡಿದಿರಲಿಲ್ಲವಲ್ಲ! ಇಬ್ಬರು ಡ್ರೈವರ್‌ಗಳದ್ದೂ ತಪ್ಪು ಅಂತಲೇ ಇಟ್ಟುಕೊಂಡರೂ, ಪ್ರಯಾಣಿಕರು ಯಾವುದೇ ಒಂದು ಗಾಡಿಯ ಕಡೆಯಿಂದ ಪೂರ್ತಿ ಪರಿಹಾರ ಕೇಳಬಹುದು. ಸುಪ್ರೀಂ ಕೋರ್ಟಿನ 2015ರ ಖೆನ್ಯೇ ಪ್ರಕರಣ ನೋಡಿ. ಅಪ್ಪನದು, ಅಮ್ಮನದು ಬೇರೆ ಬೇರೆ ಅರ್ಜಿ ಹಾಕಿ.

ಆಂಬುಡ್ಸ್‌ಮನ್ ಇರುವುದು ನಿಮ್ಮದೇ ಪಾಲಿಸಿ ಕೊಟ್ಟ ಕಂಪನಿಯ ಮೇಲಿನ ದೂರಿಗೆ. ಇದು ಎದುರಿನ ಗಾಡಿಯ ಕಂಪನಿ. ನೀವು ಹೋಗಬೇಕಾದದ್ದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ, ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 166ರ ಅಡಿ. ಅಪಘಾತ ಆದ ಊರಲ್ಲೂ ಹಾಕಬಹುದು, ನೀವು ವಾಸ ಇರುವ ಊರಲ್ಲೂ ಹಾಕಬಹುದು. 2022ರ ಏಪ್ರಿಲ್‌ನಿಂದ ಅರ್ಜಿಗೆ 6 ತಿಂಗಳ ಗಡುವು ಬಂದಿದೆ, ನಿಮ್ಮದರಲ್ಲಿ ಆಗಲೇ ನಾಲ್ಕು ಹೋಗಿವೆ. ರಾಜಿ ಮಾತುಕತೆ ಅಂತ ಸುಮ್ನೆ ದಿನ ತಳ್ಳಿಸಿಕೊಳ್ಳಬೇಡಿ. ಅರ್ಜಿ ಹಾಕಿದ ಮೇಲೂ ಲೋಕ್ ಅದಾಲತ್‌ನಲ್ಲಿ ರಾಜಿ ಆಗಬಹುದು.

ಪ್ರಶ್ನೆ: ನಕ್ಷೆ ಸಿಕ್ತು ಮೇಡಂ. ರಸ್ತೆ ಅಗಲ 24 ಅಡಿ. ಡಿಕ್ಕಿಯಾದ ಜಾಗ ಅಪ್ಪನ ಎಡ ಅಂಚಿನಿಂದ 6 ಅಡಿ ಅಂತ ಬರೆದಿದ್ದಾರೆ. ಕಾರಿನ ಬಲಗಡೆ ಹೆಡ್‌ಲೈಟ್ ಕಡೆ ಜಜ್ಜಿದೆ.

ಉತ್ತರ: ಗಾಡಿ ಎಲ್ಲಿ ನಿಂತಿತು ಅನ್ನೋದಲ್ಲ, ಎಲ್ಲಿ ಗುದ್ದಿತು ಅನ್ನೋದೇ ಬರೆದಿದ್ದಾರಲ್ಲ, ಒಳ್ಳೆಯದಾಯಿತು. ಅಪ್ಪನ ಅರ್ಧ 12 ಅಡಿ. ಅಂದ್ರೆ ಆ ಗಾಡಿ ನಡುಗೆರೆ ದಾಟಿ 6 ಅಡಿ ಈಚೆ ಬಂದಿದೆ. ಐಎಂವಿ ರಿಪೋರ್ಟಿನಲ್ಲೂ ಬಲಭಾಗದ ಪೆಟ್ಟೇ ಬರೆದಿದ್ದಾರಾ ಅಂತ ನೋಡಿ. ಎರಡೂ ತಾಳೆಯಾದರೆ ಈ ವಾರವೇ ಅರ್ಜಿ ಹಾಕಿಸಿ.