ಕೆನಡಾದ ಆ ತೀರಕ್ಕೆ ಬರೀ ಪಾದಗಳೇ ಯಾಕೆ ಬರುತ್ತವೆ?

ರಾತ್ರಿಗೂಬೆ:
ಬ್ರಿಟಿಷ್ ಕೊಲಂಬಿಯಾದ ಕಡಲತೀರದಲ್ಲಿ ಶೂ ಸಮೇತ ಮನುಷ್ಯರ ಪಾದಗಳು ಸಿಗುತ್ತವಂತೆ. 2007ರ ಆಗಸ್ಟ್ 20ರಂದು ಜೆಡಿಡಯಾ ದ್ವೀಪದಲ್ಲಿ ಒಂದು. ಆರೇ ದಿನಕ್ಕೆ ಗೇಬ್ರಿಯೋಲಾ ದ್ವೀಪದಲ್ಲಿ ಇನ್ನೊಂದು. ಎರಡೂ ಬಲಗಾಲು! ಆಮೇಲೂ ಬರುತ್ತಲೇ ಇವೆ. ಸರಣಿ ಕೊಲೆಗಾರನ ಕೆಲಸ ಅನ್ನುವವರೇ ಜಾಸ್ತಿ. ಕತ್ತರಿಸದೆ ಪಾದ ಹೇಗೆ ಬೇರೆಯಾಗುತ್ತೆ ಹೇಳಿ?

ಮೂಳೆ ಮೇಡಂ:
ನಾನು ಅನಾಟಮಿ ಪಾಠ ಮಾಡುವವಳು. ನನ್ನ ವಿದ್ಯಾರ್ಥಿಗಳೂ ಮೊದಲು ಕೇಳುವುದು ಇದನ್ನೇ. ಯಾರೂ ಕತ್ತರಿಸಿಲ್ಲ. ಮೂಳೆಗಳ ಮೇಲೆ ಕತ್ತಿ, ಗರಗಸದ ಗುರುತು ಇರಲಿಲ್ಲ. ಕೀಲು ತಾನಾಗಿಯೇ ಬಿಟ್ಟಿತ್ತು.

ನಿಮ್ಮ ಪಾದದ ಕೀಲನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳಿ. ತೊಡೆಯ ಹಾಗೆ ಮಾಂಸ ಇದೆಯಾ? ಇಲ್ಲ. ಚರ್ಮದ ಕೆಳಗೆ ಮೂಳೆಗಳು, ಅವನ್ನು ಹಿಡಿದಿಟ್ಟ ಲಿಗಮೆಂಟುಗಳು, ಅಷ್ಟೇ. ಮುಳುಗಿದ ದೇಹ ತಳ ಸೇರಿದರೆ ಏಡಿ, ಸೀಗಡಿ ಮುತ್ತುತ್ತವೆ. ಅವಕ್ಕೆ ಮೂಳೆ ಬೇಡ, ಮೆತ್ತಗಿನ ಭಾಗ ಬೇಕು. ಲಿಗಮೆಂಟು ಹೋಯಿತು ಅಂದರೆ ಪಾದ ಕಳಚಿಕೊಂಡಂತೆಯೇ.

ಇದು ಸುಮ್ನೆ ಊಹೆಯಲ್ಲ. ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಗೇಲ್ ಆಂಡರ್ಸನ್ ಸತ್ತ ಹಂದಿಗಳನ್ನು ಅಲ್ಲೇ ಸಮುದ್ರದ ತಳಕ್ಕಿಳಿಸಿ ಕ್ಯಾಮೆರಾದಲ್ಲಿ ನೋಡಿದರು. ಜಾರ್ಜಿಯಾ ಜಲಸಂಧಿಯಲ್ಲಿ ಹಂದಿಯೊಂದು ನಾಲ್ಕು ದಿನದೊಳಗೆ ಬರೀ ಎಲುಬಾಯಿತು! ಅಕ್ಕಿಕಾಳಿನಷ್ಟು ಸಣ್ಣ ಜೀವಿಗಳ ದಂಡು ಬಂದು ತಿಂದು ಮುಗಿಸಿತ್ತು. ಅಲ್ಲೇ ಹತ್ತಿರದ ಸಾನಿಚ್ ಇನ್ಲೆಟ್ ಎಂಬ ಕಿರಿದಾದ ಕೊಲ್ಲಿಯಲ್ಲಿ ನೀರಿನ ಆಮ್ಲಜನಕ ತೀರಾ ಕಡಿಮೆಯಾದಾಗ ಇದೇ ಕೆಲಸಕ್ಕೆ ತಿಂಗಳುಗಳೇ ಹಿಡಿದವು. ಹಾಗಾಗಿ ಪಾದ ನೋಡಿ "ಇಷ್ಟೇ ದಿನ ಆಗಿದೆ" ಅನ್ನುವವರನ್ನು ನಾನು ನಂಬುವುದಿಲ್ಲ.

ರಾತ್ರಿಗೂಬೆ:
ಸರಿ ಮೇಡಂ, ಹಾಗಾದ್ರೆ ಕೈ ಯಾಕೆ ಬರಲ್ಲ? 2007ಕ್ಕಿಂತ ಮುಂಚೆ ಯಾರೂ ಮುಳುಗುತ್ತಿರಲಿಲ್ವಾ?

ಮೂಳೆ ಮೇಡಂ:
ಕೈಯೂ ಕಳಚುತ್ತದೆ. ಆದರೆ ಕೈಗೆ ಶೂ ಹಾಕುವುದಿಲ್ಲವಲ್ಲ! ಈಗಿನ ಸ್ಪೋರ್ಟ್ಸ್ ಶೂಗಳ ಅಟ್ಟೆಯಲ್ಲಿ ಹಗುರ ಫೋಮ್, ಕೆಲವದರಲ್ಲಿ ಗಾಳಿಯೂ ಇರುತ್ತದೆ. ಪಾದ ಕಳಚಿದ್ದೇ ತಡ, ಶೂ ಅದನ್ನು ಮೇಲಕ್ಕೆ ತರುತ್ತದೆ. ಹಳೇ ಕಾಲದ ಭಾರದ ಶೂ ತಳದಲ್ಲೇ ಉಳಿಯುತ್ತಿತ್ತು. ಒಳಗಿರುವ ಪಾದ ಏಡಿಗಳ ಬಾಯಿಗೂ ಸುಲಭಕ್ಕೆ ಸಿಗುವುದಿಲ್ಲ. ತಣ್ಣನೆ ನೀರಿನಲ್ಲಿ ಕೊಬ್ಬು ಸೋಪಿನಂಥ ಪದಾರ್ಥವಾಗಿಬಿಟ್ಟರೆ ಇನ್ನೂ ಬಹಳ ಕಾಲ ಉಳಿಯುತ್ತದೆ.

ಉಪ್ಪುಗಾಳಿ:
ಜಾಗದ ಪಾತ್ರವೂ ಇದೆ. ಈ ಪಾದಗಳು ಸಿಗುವ ಕಡಲಿಗೆ ಸೇಲಿಶ್ ಸಮುದ್ರ ಅಂತ ಹೆಸರು; ಅದರ ತುಂಬಾ ದ್ವೀಪ, ಕಾಲುವೆ. ಪಶ್ಚಿಮದ ಗಾಳಿ ತೇಲುವುದನ್ನೆಲ್ಲ ಹೊರಗೆ ಬಿಡದೆ ದಡಕ್ಕೆ ತಳ್ಳುತ್ತದೆ. ಸುದ್ದಿಯಾದ ಮೇಲೆ ಜನ ಬಿದ್ದ ಶೂಗಳ ಒಳಗೆ ಇಣುಕಲು ಶುರು ಮಾಡಿದರು, ಅದೂ ಒಂದು. 2008ರಲ್ಲಿ ಯಾರೋ ಪುಣ್ಯಾತ್ಮರು ಪ್ರಾಣಿಯ ಪಂಜವನ್ನು ಶೂಗೆ ತುರುಕಿ, ಕಡಲಪಾಚಿ ತುಂಬಿ ಇಟ್ಟಿದ್ದರು!

ರಾತ್ರಿಗೂಬೆ:
ಥೂ! ಅಲ್ಲ, ಮುಳುಗುವ ಮೊದಲೇ ಯಾರಾದರೂ ಕೊಂದಿದ್ದರೆ?

ಮೂಳೆ ಮೇಡಂ:
ಪಾದವೊಂದೇ ಅದನ್ನು ಹೇಳಲಾರದು, ಒಪ್ಪುತ್ತೇನೆ. ಅದಕ್ಕೇ ಡಿಎನ್‌ಎಯನ್ನು ಕಾಣೆಯಾದವರ ದಾಖಲೆಗಳ ಜೊತೆ ಹೋಲಿಸಿ, ಆ ವ್ಯಕ್ತಿ ಕಾಣೆಯಾದ ಸಂದರ್ಭವನ್ನು ಕೆದಕುತ್ತಾರೆ. ಗುರುತು ಸಿಕ್ಕವರದು ಆತ್ಮಹತ್ಯೆ ಇಲ್ಲವೇ ಅವಘಡ ಎಂದೇ ಅಲ್ಲಿನ ಅಧಿಕಾರಿಗಳು ಹೇಳಿದ್ದಾರೆ. 2011ರಲ್ಲಿ ಅದೇ ಬ್ರಿಟಿಷ್ ಕೊಲಂಬಿಯಾದ ಸಸಾಮಟ್ ಸರೋವರದಲ್ಲಿ ಸಿಕ್ಕ ಬೂಟಿನಲ್ಲಿದ್ದ ಪಾದ, 1987ರಲ್ಲಿ ಮೀನು ಹಿಡಿಯಲು ಹೋಗಿ ಕಾಣೆಯಾದವರದು.