ಅಪ್‌ಡೇಟ್: ಉಸಿರಿನ ಜೊತೆ ಅಲುಗಾಡುವ ಗಡ್ಡೆಗೆ ರೇಡಿಯೇಷನ್

ಅಪ್ಪನ ಶ್ವಾಸಕೋಶದ ಗಡ್ಡೆ ಉಸಿರಾಡುವಾಗ ಅಲುಗಾಡುತ್ತದೆ, ಚಿನ್ನದ ಮಾರ್ಕರ್ (ಗಡ್ಡೆಯ ಜಾಗ ಸ್ಕ್ಯಾನ್‌ನಲ್ಲಿ ಕಾಣಲು ಹಾಕುವ ಸಣ್ಣ ಚೂರು) ಚುಚ್ಚದೆ ರೇಡಿಯೇಷನ್ ಕೊಡೋಕೆ ಆಗಲ್ವಾ ಅಂತ ಇಲ್ಲಿ ಕೇಳಿದ್ದೆ. ಆಯ್ತು! ನಿನ್ನೆ ಕೊನೆಯ ದಿನ ಮುಗಿಯಿತು.

ಉಸಿರು ಬಿಗಿಹಿಡಿಯುವ ಸಲಹೆ ನಮಗೆ ಆಗಲಿಲ್ಲ. 10 ಸೆಕೆಂಡಿಗೇ ಕೆಮ್ಮು. ಅಲುಗಾಟ ಕಡಿಮೆ ಮಾಡಲು ಹೊಟ್ಟೆ ಒತ್ತುವ ಬೆಲ್ಟ್ ಹಾಕಿದರೆ ಹಿಂಸೆ ಜಾಸ್ತಿ. ಕೈಹಿಡಿದದ್ದು ಕ್ಯಾಮೆರಾ ಸಲಹೆ, ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ಚಾವಣಿಯ ಕ್ಯಾಮೆರಾಗಳು ಎದೆಯ ಮೇಲೆ ಬರೀ ಬೆಳಕು ಬಿಟ್ಟು ಅದರ ಏರಿಳಿತ ನೋಡುತ್ತವೆ. ಮಿತಿ ದಾಟಿದರೆ ಕಿರಣ ತಾನಾಗಿ ನಿಲ್ಲುತ್ತದೆ. ಒಮ್ಮೆ ಅಪ್ಪ ಕೆಮ್ಮಿದಾಗ ಹಾಗೇ ನಿಂತಿತಂತೆ.

ನನಗೆ ಗೊತ್ತಿರದ ವಿಷಯ ಒಂದಿತ್ತು. ಕ್ಯಾಮೆರಾಗೆ ಕಾಣುವುದು ಚರ್ಮ ಮಾತ್ರ, ಗಡ್ಡೆ ಅಲ್ಲ. ಎದೆ ಎಷ್ಟು ಏರಿದಾಗ ಗಡ್ಡೆ ಎಲ್ಲಿರುತ್ತದೆ ಅಂತ ಮೊದಲೇ 4ಡಿ ಸಿಟಿ ಸ್ಕ್ಯಾನ್‌ನಲ್ಲಿ (ಉಸಿರಾಟದ ಚಲನೆಯನ್ನೂ ತೋರಿಸುವ ಸ್ಕ್ಯಾನ್) ನೋಡಿಟ್ಟಿದ್ದರು. ಪ್ರತಿದಿನ ಶುರು ಮಾಡುವ ಮುಂಚೆ ಇನ್ನೊಂದು ಸ್ಕ್ಯಾನ್ ತೆಗೆದು ತಾಳೆ ನೋಡುತ್ತಿದ್ದರು. ಎಲ್ಲರಿಗೂ ಈ ಕ್ಯಾಮೆರಾ ವಿಧಾನ ಒಂದೇ ಸಾಲದು, ನಿಮ್ಮ ಡಾಕ್ಟರನ್ನು ಕೇಳಿ.