ಉಬುಂಟು 22.04ಕ್ಕೆ ಹೋದ ಮೇಲೆ ಪಿಎಚ್‌ಪಿ ಓಡುತ್ತಿಲ್ಲ, ನಿಮಗೆ ಹೇಗಾಯಿತು?

ಬದಿಯಡ್ಕದಿಂದ: ಪಿಎಚ್‌ಪಿ ಎಂಬ ಪ್ರೋಗ್ರಾಂ ಭಾಷೆಯಲ್ಲಿ ಬರೆದ ನಮ್ಮ ವಾಚನಾಲಯದ ಪುಸ್ತಕಪಟ್ಟಿ ಲ್ಯಾಪ್‌ಟಾಪಿನಲ್ಲೇ ಓಡುತ್ತಿತ್ತು. ಅದರ ಆಪರೇಟಿಂಗ್ ಸಿಸ್ಟಂ ಉಬುಂಟುವನ್ನು 20.04ರಿಂದ 22.04ಕ್ಕೆ ಅಪ್‌ಗ್ರೇಡ್ ಮಾಡಿದೆ. ಈಗ ಬ್ರೌಸರಿನಲ್ಲಿ ಪುಟದ ಬದಲು ಪಿಎಚ್‌ಪಿ ಕೋಡೇ ಕಾಣುತ್ತದೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಪೆರ್ಲದಿಂದ: ನನ್ನ ಅಡಿಕೆ ಅಂಗಡಿಯ ಲೆಕ್ಕವೂ ಹೀಗೇ ನಿಂತಿತ್ತು. ಲ್ಯಾಪ್‌ಟಾಪ್ ಹೊತ್ತುಕೊಂಡು ಎರಡು ಸಲ ಮಂಗಳೂರಿಗೆ ಬಸ್ಸಿನಲ್ಲಿ ಹೋದೆ. ಮೊದಲ ಸಲ 1,500 ರೂಪಾಯಿ, ಎರಡನೇ ಸಲ 2,200. ಬ್ರೌಸರಿಗೆ ಪುಟ ಕೊಡುವ ಅಪಾಚೆ ಸರ್ವರನ್ನೇ ಕಿತ್ತು ಹೊಸದಾಗಿ ಹಾಕಿಕೊಟ್ಟರು. ನನ್ನ ಸೆಟ್ಟಿಂಗ್ ಎಲ್ಲ ಹೋಯಿತು. ಕಡೆಗೆ ನಾನೇ ಕೂತು ನೋಡಿದರೆ, ಅಪಾಚೆಯೊಳಗೆ ಪಿಎಚ್‌ಪಿ ಓಡಿಸುವ ಮಾಡ್ಯೂಲಿನಲ್ಲಿ ಹಳೇ ಪಿಎಚ್‌ಪಿ 7.4ರದ್ದು ಹೋಗಿದೆ, ಹೊಸ 8.1ರದ್ದು ಬಂದೇ ಇಲ್ಲ! ಅದನ್ನು ಹಾಕಿ, ಮಾಡ್ಯೂಲ್ ಚಾಲೂ ಮಾಡುವ ಎ2ಎನ್‌ಮಾಡ್ ಕಮಾಂಡ್ ಕೊಟ್ಟು, ಅಪಾಚೆ ರೀಸ್ಟಾರ್ಟ್ ಮಾಡಿದೆ. ಐದು ನಿಮಿಷದ ಕೆಲಸ. ಆ 3,700 ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅಲ್ಲಿಗೂ ಮುಗಿಯಲಿಲ್ಲ. ಪಟ್ಟಿಯನ್ನು ಒಂದೊಂದಾಗಿ ಓದುವ 'ಈಚ್' ಫಂಕ್ಷನನ್ನು ಪಿಎಚ್‌ಪಿ 8.0ರಲ್ಲೇ ತೆಗೆದಿದ್ದಾರೆ. ಹನ್ನೊಂದು ಕಡೆ ಅದರ ಬದಲು 'ಫೋರ್‌ಈಚ್' ಬರೆದೆ.

ಮಂಜೇಶ್ವರದಿಂದ: ಈ ಕಾಲದಲ್ಲಿ ಮಾಡ್ಯೂಲ್ ಯಾಕೆ? ನಮ್ಮ ಶಾಲೆಯಲ್ಲಿ ನಾನು ಪಿಎಚ್‌ಪಿಯನ್ನು ಅಪಾಚೆಯಿಂದ ಬೇರೆಯಾಗಿ ಓಡಿಸುವ ಎಫ್‌ಪಿಎಂ ಇಟ್ಟಿದ್ದೇನೆ. ನನಗೆ ಬಂದದ್ದು 503, ಅಂದರೆ ಸೇವೆ ಸಿಗುತ್ತಿಲ್ಲ ಎಂಬ ಎರರ್. ಎಫ್‌ಪಿಎಂ ಜೊತೆ ಮಾತಾಡಲು ಅಪಾಚೆ ಇನ್ನೂ 7.4ರ ಸಾಕೆಟನ್ನೇ (ಸಂಪರ್ಕದ ಕೊಂಡಿ) ಹುಡುಕುತ್ತಿತ್ತು. ಎರಡು ರಾತ್ರಿ ಕೂತೆ, ಮಳೆಗೆ ಕರೆಂಟು ನಾಲ್ಕು ಸಲ ಹೋಯಿತು. ಆಮೇಲೆ ಕನ್ನಡದಂಥ ಅಕ್ಷರಗಳನ್ನು ಸರಿಯಾಗಿ ಎಣಿಸುವ ಎಂಬಿಸ್ಟ್ರಿಂಗ್ ಇಲ್ಲ ಎಂಬ ಎರರ್. ಗಡಿಬಿಡಿಯಲ್ಲಿ ಅಕ್ಷರದ ಬದಲು ಬೈಟ್ ಎಣಿಸಿ ಕತ್ತರಿಸುವ ಬರೀ 'ಸಬ್‌ಸ್ಟ್ರ್' ಹಾಕಿದೆ, ಮಕ್ಕಳ ಹೆಸರೆಲ್ಲ ಅರ್ಧಕ್ಕೆ ತುಂಡಾದವು. ಯುನಿಕೋಡ್ ಅಕ್ಷರ ಉಳಿಸುವ ಯುಟಿಎಫ್-8ರಲ್ಲಿ ಕನ್ನಡದ 'ಕ' ಒಂದಕ್ಕೇ 3 ಬೈಟ್ ಅಲ್ವಾ? 8.1ರ ಎಂಬಿಸ್ಟ್ರಿಂಗ್ ಹಾಕಿದ ಮೇಲೆ ಸರಿಯಾಯಿತು. ಒಂದು ಪೈಸೆ ಖರ್ಚಿಲ್ಲ.

ಪೆರ್ಲದಿಂದ: ಮಾಷ್ಟ್ರೇ, ನಿಮಗೆ ರಾತ್ರಿ ಕೂರಲು ಸಮಯ ಇತ್ತು. ನನಗೆ ಬೆಳಿಗ್ಗೆ ಅಡಿಕೆ ತಂದವರಿಗೆ ಚೀಟಿ ಕೊಡಬೇಕಿತ್ತು.

ಕುಂಬಳೆಯಿಂದ: ಅಪ್‌ಗ್ರೇಡ್ ಮಾಡಿದ್ದೇ ತಪ್ಪು. ನಾನು ಈಗಲೂ 7.4ರಲ್ಲೇ ಇದ್ದೇನೆ, ಒಂದು ದಿನವೂ ನಿಂತಿಲ್ಲ.

ಮಂಜೇಶ್ವರದಿಂದ: 7.4ಕ್ಕೆ ಪಿಎಚ್‌ಪಿಯವರ ಸೆಕ್ಯುರಿಟಿ ಅಪ್‌ಡೇಟ್ 2022ರ ನವೆಂಬರಿನಲ್ಲೇ ನಿಂತಿದೆ. ಹೊಸಬರಿಗೆ ಇಂಥ ಸಲಹೆ ಕೊಡಬೇಡಿ.

ಕುಂಬಳೆಯಿಂದ: ನನ್ನ ಕಂಪ್ಯೂಟರಿಗೆ ನೆಟ್ಟೇ ಇಲ್ಲ, ಯಾರು ಬಂದು ನುಗ್ಗುತ್ತಾರೆ? ನನ್ನ ಪಟ್ಟಿ ನುಡಿಯ ಹಳೇ ಫಾಂಟಿನಲ್ಲಿದೆ, ಯುನಿಕೋಡ್ ಅಲ್ಲ. ನಿಮ್ಮ ಎಂಬಿಸ್ಟ್ರಿಂಗ್ ತಲೆನೋವೂ ಇಲ್ಲ.

ಮಂಜೇಶ್ವರದಿಂದ: ನುಡಿ ಫಾಂಟಿನಲ್ಲಾ? ಫಾಂಟ್ ಇಲ್ಲದ ಕಡೆ ಅದನ್ನು ಓದುವುದು ಹೇಗೆ? ಮೊದಲು ಯುನಿಕೋಡ್ ಮಾಡಿ.

ಕುಂಬಳೆಯಿಂದ: ಮಾಡಿ ನೋಡಿದ್ದೇನೆ ಸರ್, ಸುಮ್ನೆ ಹೇಳುತ್ತಿಲ್ಲ. ಅರ್ಕಾವೊತ್ತು ಇದ್ದ ಹೆಸರೆಲ್ಲ ಕೆಟ್ಟವು. ನನ್ನ ಹೆಂಡತಿ ಮೂರು ಭಾನುವಾರ ಕೂತು 340 ಹೆಸರು ತಿದ್ದಿದಳು. ಇನ್ನೂ 600 ಬಾಕಿ ಇತ್ತು. ಹಳೆಯದಕ್ಕೇ ವಾಪಸ್ ಹೋದೆ.